ಬಾಣಂತಿ ಕೋಣೆಯ ಹಾಳೆಗಳು

ಚಾಮರಾಜಪೇಟೆ
12 ಆಗಸ್ಟ್ 2024

ಡಾಕ್ಟರ್ ವಿಶಾಖಾ ಅವರಿಗೆ,

ನಾನು ಮುನಿಯಕ್ಕ. ದಿವಂಗತ ಮಾಯಣ್ಣನವರ ಹೆಂಡತಿ. ಚಾಮರಾಜಪೇಟೆಯಲ್ಲಿ ಕೆಂಪು ಗೇಟಿನ ಮನೆ ಎಂದರೆ ಅಂಚೆಯವನಿಂದ ಹಿಡಿದು ಹೂವಿನವಳವರೆಗೆ ಎಲ್ಲರಿಗೂ ಗೊತ್ತು. ಅಕ್ಕಿಪೇಟೆಯಲ್ಲಿ ಎರಡು ಮಳಿಗೆ ನಮ್ಮವು. ಮಗ ಗೌರೀಶ ಮಾಮೂಲ್‌ಪೇಟೆಯಲ್ಲಿ ರಟ್ಟಿನ ಡಬ್ಬಗಳ ವ್ಯಾಪಾರ ಮಾಡುತ್ತಾನೆ. ನಾನು ಎಸ್ಸೆಸ್ಸೆಲ್ಸಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು. ನಾದಿನಿಯರು, ಅವರ ಹೆಣ್ಣುಮಕ್ಕಳು, ಎದುರುಮನೆಯವರು, ಎಲ್ಲ ಸೇರಿ ಇಪ್ಪತ್ತೊಂದು ಬಾಣಂತನ ಮಾಡಿದ್ದೇನೆ. ಒಬ್ಬಳಿಗೂ ಸನ್ನಿ ಹಿಡಿದಿಲ್ಲ. ನನ್ನ ಕೈಯಲ್ಲಿ ಒಂದು ಕೂಸೂ ಸೊರಗಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸುಲಭ.

ಜುಲೈ 22ರಂದು ನನ್ನ ಸೊಸೆ ತೇಜಶ್ರೀಗೆ ಹೆಣ್ಣುಮಗುವಾಯಿತು. ಹೆರಿಗೆ ಆಸ್ಪತ್ರೆಗೆ ನಿಮ್ಮ ಕಡೆಯ ಹುಡುಗಿ ತನುಶ್ರೀ ಎಂಬುವಳು ಬಂದು, ‘ಹೆರಿಗೆಯ ನಂತರದ ಆತಂಕ ಮತ್ತು ಖಿನ್ನತೆ’ಯ ಬಗ್ಗೆ ನೀವು ಸಂಶೋಧನೆ ಮಾಡುತ್ತಿರುವುದಾಗಿ ಹೇಳಿ, ಇನ್ನೂ ಮಂಪರಿನಲ್ಲಿದ್ದ ನನ್ನ ಸೊಸೆಯ ಸಹಿ ಹಾಕಿಸಿಕೊಂಡಳು. ನನ್ನನ್ನು ‘ಆಂಟಿ’ ಎಂದಳು. ಎಂಟು ವಾರ, ವಾರಕ್ಕೊಂದು ಹಾಳೆ, ಹಾಳೆಗೆ ಹತ್ತು ಪ್ರಶ್ನೆ. ಫೋನಿನಲ್ಲೇ ತುಂಬಬಹುದು ಎಂದಳು. ನಮ್ಮ ಮನೆಯಲ್ಲಿ ಬಾಣಂತಿ ಫೋನು ನೋಡುವುದಿಲ್ಲ, ಓದುವುದಿಲ್ಲ, ಬರೆಯುವುದಿಲ್ಲ. ಕಣ್ಣು ಸೆಳೆಯುತ್ತದೆ. ಮೂರು ತಿಂಗಳು ಹೊರಗಿನವರ ಮುಖವನ್ನೂ ನೋಡುವುದಿಲ್ಲ. ಅದಕ್ಕೇ ಹಾಳೆಗಳನ್ನು ನಾನೇ ತುಂಬಿದ್ದೇನೆ. ಸಹಿಗೆ ಬೆಲೆ ಇರಬೇಕೆಂದು ತುಂಬಿದೆ, ನಿಮ್ಮ ಪ್ರಶ್ನೆಗಳಿಗೆ ಬೆಲೆ ಇದೆಯೆಂದಲ್ಲ.

‘ಕಾರಣವಿಲ್ಲದೆ ಹೆದರಿಕೆಯಾಗುತ್ತದೆಯೇ?’ ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲದ ಹೆದರಿಕೆ ಈ ಮನೆಯೊಳಗೆ ಬರುವುದಿಲ್ಲ. ಹತ್ತನೆಯದನ್ನಂತೂ ಓದಿ ಹಾಳೆಯನ್ನು ಹರಿದುಹಾಕೋಣ ಅನ್ನಿಸಿತು. ‘ಬದುಕು ಸಾಕು ಅನ್ನಿಸಿದೆಯೇ’ ಎಂದು ಹಸಿ ಬಾಣಂತಿಯನ್ನು ಯಾರಾದರೂ ಕೇಳುತ್ತಾರೆಯೇ?

ಮೂರೂ ಹಾಳೆ ಇಟ್ಟಿದ್ದೇನೆ. ಎಲ್ಲದಕ್ಕೂ ‘ಇಲ್ಲ’.

ಮುನಿಯಕ್ಕ

•

ತಾಯಿ–ಮಗು ಮನೋಆರೋಗ್ಯ ಘಟಕ, ಬಸವನಗುಡಿ
17 ಆಗಸ್ಟ್ 2024

ಮುನಿಯಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಪತ್ರಕ್ಕೆ ಕೃತಜ್ಞತೆಗಳು. ‘ಆಂಟಿ’ ಅಂದದ್ದಕ್ಕೆ ತನುಶ್ರೀಯ ಪರವಾಗಿ ಕ್ಷಮೆ ಕೇಳುತ್ತೇನೆ. ಅವಳು ನನ್ನನ್ನೂ ಒಮ್ಮೆ ಹಾಗೇ ಕರೆದಿದ್ದಾಳೆ.

ನಾನು ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಹತ್ತೊಂಬತ್ತು ವರ್ಷದಿಂದ ಇದೊಂದೇ ಕೆಲಸ. ಬಾಣಂತಿಯರನ್ನು ಕೇಳುವುದು, ಅವರ ಉತ್ತರವನ್ನು ಬರೆದಿಟ್ಟುಕೊಳ್ಳುವುದು, ಯಾರಿಗೆ ಯಾವಾಗ ಕಷ್ಟವಾಗುತ್ತದೆಂದು ಮುಂಚೆಯೇ ತಿಳಿಯಲು ನೋಡುವುದು. ನೀವು ಮಾಡಿದ ಬಾಣಂತನಗಳ ಬಗ್ಗೆ ನನಗೆ ಗೌರವವಿದೆ. ಆದರೆ ಈ ಹಾಳೆಯನ್ನು ತಾಯಿಯೇ ಉತ್ತರಿಸಬೇಕು. ಬರೆಯುವುದು ಬೇಡವಾದರೆ ನೀವು ಓದಿ ಹೇಳಿ, ಅವರು ಬಾಯಲ್ಲಿ ಹೇಳಲಿ.

ಇನ್ನೊಂದು ಮಾತು. ಎಲ್ಲದಕ್ಕೂ ‘ಇಲ್ಲ’ ಎಂದು ಬರೆದಿದ್ದೀರಿ. ಮೊದಲ ಎರಡು ಹಾಳೆ ಹಾಗೇ ಇವೆ. ಮೂರನೆಯದು ಹಾಗಿಲ್ಲ. ಅದನ್ನು ತುಂಬಿದವರು ಯಾರೆಂದು ತಿಳಿಸುವಿರಾ? ಹತ್ತು ನಿಮಿಷ ಮನೆಗೆ ಬಂದು ಹೋಗಲು ನಿಮ್ಮ ಅನುಮತಿ ಕೇಳುತ್ತಿದ್ದೇನೆ.

ವಿಶಾಖಾ

•

ಚಾಮರಾಜಪೇಟೆ
20 ಆಗಸ್ಟ್ 2024

ಡಾಕ್ಟರ್ ವಿಶಾಖಾ ಅವರಿಗೆ,

ಅನುಮತಿ ಇಲ್ಲ.

ಮೂರನೆಯ ಹಾಳೆಯನ್ನೂ ನಾನೇ ತುಂಬಿದೆ. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಬಾಣಂತಿ ಕೋಣೆಯಲ್ಲಿ ತೊಟ್ಟಿಲ ಪಕ್ಕ ಚಾಪೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ‘ಇಲ್ಲ’ದ ಸಾಲಿನಲ್ಲಿ ಹತ್ತು ಗೀಟು ಎಳೆದೆ. ಅನ್ನದ ಅಗುಳಿನಿಂದ ಕವರು ಅಂಟಿಸಿದೆ. ನಾನೇ ನಡೆದುಹೋಗಿ ಡಬ್ಬಕ್ಕೆ ಹಾಕಿದೆ. ಈಗ ಅದು ಬೇರೆಯಾಗಿದೆ ಎನ್ನುತ್ತೀರಿ. ನಿಮ್ಮ ಆ ಹುಡುಗಿಯನ್ನು ಕೇಳಿ. ಸಂಶೋಧನೆಗೆ ಕಾಯಿಲೆ ಬೇಕು, ಕಾಯಿಲೆ ಸಿಗದಿದ್ದರೆ ಹುಟ್ಟಿಸಿಕೊಳ್ಳುತ್ತೀರಿ.

ನಾಲ್ಕನೆಯದಕ್ಕೆ ಸಾಕ್ಷಿ ಇರಲೆಂದು ಮಗನ ಸಹಿ ಹಾಕಿಸಿದ್ದೇನೆ. ಅಂಗಡಿಗೆ ಹೊರಟಿದ್ದ.

“ಏನಮ್ಮ ಇದು, ಜಿಎಸ್‌ಟಿ ನೋಟಿಸಾ?”

“ಓದ್ಬೇಡ. ಕೆಳಗಡೆ ಸಹಿ ಹಾಕು ಸಾಕು.”

“ನಿಂಗಿಂತ ಆ ಆಫೀಸ್ನೋರೇ ವಾಸಿ. ಅವ್ರಾದ್ರೂ ಓದಕ್ಕೆ ಬಿಡ್ತಾರೆ,” ಎಂದು ನಗುತ್ತ ಹಾಕಿಕೊಟ್ಟ. ಅವನ ಕಣ್ಣೆದುರಿಗೇ ಕವರು ಅಂಟಿಸಿದೆ.

ನನ್ನ ಸೊಸೆ ಚೆನ್ನಾಗಿದ್ದಾಳೆ. ತಾಯಿಯಿಲ್ಲದ ಹುಡುಗಿ, ಅದಕ್ಕೇ ಬಾಣಂತನ ಇಲ್ಲೇ ನಡೆದಿದೆ. ದಿನಾ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಲೇಹ್ಯ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕಿಟಕಿಗೆ ಹಳೇ ಸೀರೆ ಕಟ್ಟಿದ್ದೇನೆ, ಬಾಗಿಲು ಹಾಕಿರುತ್ತೇನೆ, ಗಾಳಿ ಸೋಕಬಾರದು. ಮಾತು ಕಡಿಮೆ ಮಾಡಿದ್ದಾಳೆ, ಅದೂ ಒಳ್ಳೆಯದೇ. ಒಂದೇ ಒಂದು ವಿಷಯಕ್ಕೆ ಅವಳನ್ನು ಗದರಬೇಕಾಯಿತು. ಮಗು ಮಡಿಲಲ್ಲಿರುವಾಗ ತೊಟ್ಟಿಲು ತೂಗುತ್ತಿದ್ದಳು. ಖಾಲಿ ತೊಟ್ಟಿಲು ತೂಗಬಾರದು ಎನ್ನುವುದು ಯಾರಿಗೆ ಗೊತ್ತಿಲ್ಲ? ಅವಳು ನನ್ನ ಮುಖವನ್ನೇ ನೋಡಿದಳು. “ನಾನಲ್ಲ ಅತ್ತೆ” ಎಂದಳು. ಸುಳ್ಳು ಹೇಳುವ ಹುಡುಗಿಯಲ್ಲ. ನಿದ್ದೆಗಣ್ಣಿನಲ್ಲಿ ಆಗಿರಬೇಕು.

ಮುನಿಯಕ್ಕ

•

ಬಸವನಗುಡಿ
27 ಆಗಸ್ಟ್ 2024

ಮುನಿಯಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಕವರನ್ನು ಈ ಸಲ ನಾನೇ ಒಡೆದೆ. ತನುಶ್ರೀ ಆ ದಿನ ರಜೆಯಲ್ಲಿದ್ದಳು. ಅನ್ನದ ಅಂಟು ಗಟ್ಟಿಯಾಗಿತ್ತು, ಯಾರೂ ಮುಟ್ಟಿರಲಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಹಾಳೆಗಳ ಜೆರಾಕ್ಸ್ ಕಳಿಸುತ್ತಿದ್ದೇನೆ. ಎರಡರಲ್ಲೂ ಏಳು ಪ್ರಶ್ನೆಗಳಿಗೆ ಗೀಟು ಬಿದ್ದಿರುವುದು ‘ಯಾವಾಗಲೂ’ ಎನ್ನುವ ಕೊನೆಯ ಸಾಲಿನಲ್ಲಿ. ಅವಲ್ಲದೆ ಹತ್ತನೆಯದಕ್ಕೂ. ನಾಲ್ಕನೆಯ ಹಾಳೆಯ ಕೆಳಗೆ, ನಿಮ್ಮ ಮಗನ ಸಹಿಗಿಂತ ಸ್ವಲ್ಪ ಮೇಲೆ, ಯಾರ ಅಕ್ಷರವೆಂದು ಹೇಳಲಾಗದಷ್ಟು ಸೊಟ್ಟಗೆ ಎರಡು ಸಾಲು ಬರೆದಿದೆ:

‘ಮೂರು ಗಂಟೆಗೆ ಖಾಲಿ ತೊಟ್ಟಿಲು ತೂಗುತ್ತದೆ. ಯಾರಿಗೂ ಹೇಳಬಾರದಂತೆ.’

ನನ್ನ ಊಹೆ ಹೇಳುತ್ತೇನೆ. ನೀವು ತುಂಬಿದ ಹಾಳೆಯನ್ನು ತೇಜಶ್ರೀ ಹೇಗೋ ಬದಲಾಯಿಸುತ್ತಿದ್ದಾರೆ. ಬೇರೆ ದಾರಿ ಇಲ್ಲದ್ದರಿಂದ ಈ ಹಾಳೆಯ ಮೂಲಕ ನನ್ನನ್ನು ಕರೆಯುತ್ತಿದ್ದಾರೆ. ದಯವಿಟ್ಟು ಅವರನ್ನು ಗದರಬೇಡಿ, ಒಬ್ಬರನ್ನೇ ಬಿಡಬೇಡಿ. ನಾಳೆಯೇ ಕರೆತನ್ನಿ. ಇಲ್ಲಿ ಮಗುವನ್ನು ತಾಯಿಯಿಂದ ಬೇರೆ ಮಾಡುವುದಿಲ್ಲ, ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಳ್ಳುತ್ತೇವೆ. ನನ್ನ ನಂಬರು ಕೆಳಗಿದೆ, ಯಾವ ಹೊತ್ತಿಗಾದರೂ ಫೋನ್ ಮಾಡಿ. ನಿಮ್ಮ ಮಗನ ನಂಬರು ನನ್ನ ಬಳಿ ಇಲ್ಲ. ನಮ್ಮಲ್ಲಿರುವುದು ತೇಜಶ್ರೀಯವರದು ಮಾತ್ರ, ಅದು ಸ್ವಿಚ್ ಆಫ್ ಬರುತ್ತಿದೆ.

ವಿಶಾಖಾ

•

ಚಾಮರಾಜಪೇಟೆ
30 ಆಗಸ್ಟ್ 2024

ಡಾಕ್ಟರ್ ವಿಶಾಖಾ ಅವರಿಗೆ,

ಜೆರಾಕ್ಸ್ ನೋಡಿದೆ.

ಅದು ತೇಜಶ್ರೀಯ ಕೈಬರಹವಲ್ಲ. ಯಾರದೆಂದು ನನಗೆ ಗೊತ್ತು. ನಿಮಗೆ ಹೇಳುವ ಅಗತ್ಯವಿಲ್ಲ.

ತೊಟ್ಟಿಲ ವಿಷಯ ನಾನೂ ಪರೀಕ್ಷೆ ಮಾಡಿದೆ. ನಿನ್ನೆ ಮೂರು ಗಂಟೆಗೆ ನಾನು ಅಡುಗೆಮನೆಯಲ್ಲಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಮನೆಯಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಕೋಣೆಯೊಳಗಿಂದ ಕಬ್ಬಿಣದ ಕೊಂಡಿ ಕಿರ್ ಎನ್ನುವುದು ಕೇಳಿಸಿತು. ನಿಧಾನವಾಗಿ, ಒಂದೇ ತಾಳದಲ್ಲಿ. ಬಹಳ ಹೊತ್ತು ಕೇಳಿಸಿತು. ಸದ್ದು ನಿಂತ ಮೇಲೆ ನೋಡಿದರೆ ಸೊಪ್ಪು ಮೊರದಲ್ಲಿ ಹಾಗೇ ಇತ್ತು. ಒಂದು ಕಡ್ಡಿಯನ್ನೂ ಬಿಡಿಸಿರಲಿಲ್ಲ.

ಬೇವಿನ ಸೊಪ್ಪು ಬದಲಾಯಿಸಿದ್ದೇನೆ. ತೊಟ್ಟಿಲ ಕೆಳಗೆ ಕುಡುಗೋಲು ಇಟ್ಟಿದ್ದೇನೆ. ನಮ್ಮ ಮನೆಯದನ್ನು ನಾವು ನೋಡಿಕೊಳ್ಳುತ್ತೇವೆ. ಇನ್ನುಳಿದ ನಾಲ್ಕು ಹಾಳೆ ಬರುವುದಿಲ್ಲ. ಇನ್ನು ಬರೆಯಬೇಡಿ.

ಮುನಿಯಕ್ಕ

•

ಬಸವನಗುಡಿ
3 ಸೆಪ್ಟೆಂಬರ್ 2024

ಮುನಿಯಕ್ಕನವರಿಗೆ,

ಬರೆಯಬೇಡಿ ಎಂದಿರಿ. ನಿನ್ನೆ ನಿಮ್ಮ ಮನೆಗೆ ಬಂದೆ. ಕೆಂಪು ಗೇಟು ಸಿಕ್ಕಿತು. ಮೂರು ಗಂಟೆ ಆಗಿತ್ತು. ಬಹಳ ಹೊತ್ತು ಬೆಲ್ ಮಾಡಿದೆ. ಒಳಗೆ ಯಾರೋ ಜೋಗುಳ ಹೇಳುತ್ತಿದ್ದುದು ಕೇಳಿಸಿತು, ಬಾಗಿಲು ತೆರೆಯಲಿಲ್ಲ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಐದನೆಯ ತಾರೀಖಿನೊಳಗೆ ನಿಮ್ಮಿಂದ ಸುದ್ದಿ ಬರದಿದ್ದರೆ ಮಾಮೂಲ್‌ಪೇಟೆಯಲ್ಲಿ ನಿಮ್ಮ ಮಗನ ಅಂಗಡಿ ಹುಡುಕಿಕೊಂಡು ಹೋಗುತ್ತೇನೆ. ಬೆದರಿಕೆಯಲ್ಲ, ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ನನ್ನ ಸಂಶೋಧನೆಯ ಬಗ್ಗೆ ನಿಮಗೆ ಪೂರ್ತಿ ಹೇಳಲಿಲ್ಲ. ನನ್ನ ಮೊದಲ ಅಧ್ಯಯನದಲ್ಲಿ ಅರವತ್ತು ಬಾಣಂತಿಯರಿದ್ದರು. ಒಬ್ಬರ ಹಾಳೆಗಳೆಲ್ಲ ‘ಇಲ್ಲ’, ‘ಇಲ್ಲ’. ಅಂದವಾಗಿ ಎಳೆದ ಗೀಟುಗಳು. ಅವರನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸಿದೆ. ಲೇಖನ ಪ್ರಕಟವಾಗುವ ಹೊತ್ತಿಗೆ ಆಕೆ ಇರಲಿಲ್ಲ. ನೋಡಲು ಹೋದಾಗ ಅವರ ಅತ್ತೆ ನನಗೆ ಕಾಫಿ ಕೊಟ್ಟು ಹೇಳಿದರು: “ಅವಳಿಗೆ ತೊಂದ್ರೆ ಯಾಕೆ ಅಂತ ನಾನೇ ಬರೀತಿದ್ದೆ ಕಣಮ್ಮ.” ಆ ಹೆಂಗಸು ಕೆಟ್ಟವರಲ್ಲ. ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದರು. ತಪ್ಪು ನನ್ನದು. ಒಮ್ಮೆಯೂ ಆಕೆಯ ಮುಖ ನೋಡಿ ಕೇಳಲಿಲ್ಲ. ಆ ಲೇಖನದಿಂದಲೇ ನನಗೆ ಈ ಕೆಲಸ ಸಿಕ್ಕಿತು.

ಅಲ್ಲಿಂದೀಚೆಗೆ ನನಗೆ ಹೆದರಿಕೆ ಹುಟ್ಟಿಸುವುದು ‘ಯಾವಾಗಲೂ’ ಎನ್ನುವ ಉತ್ತರವಲ್ಲ. ‘ಇಲ್ಲ’ ಎನ್ನುವುದು.

ಈ ಪತ್ರದ ಜೊತೆ ಖಾಲಿ ಹಾಳೆಯೊಂದಿದೆ. ತುಂಬುವುದು ಬೇಡ. ಕೋಣೆಯ ಬಾಗಿಲು ತೆರೆದಿಟ್ಟು ತೇಜಶ್ರೀಗೆ ಓದಿ ಹೇಳಿ, ಅವರ ಉತ್ತರವನ್ನು ಕೇಳಿ. ಹತ್ತನೆಯದಕ್ಕೆ ‘ಹೌದು’ ಎಂದರೆ ನನಗೆ ಬರೆಯುತ್ತ ಕೂರಬೇಡಿ. ಹೊರಡಿ.

ವಿಶಾಖಾ

•

ತಾಯಿ–ಮಗು ಮನೋಆರೋಗ್ಯ ಘಟಕ, ಬಸವನಗುಡಿ
6 ಸೆಪ್ಟೆಂಬರ್ 2024, ಗೌರಿ ಹಬ್ಬ

ಡಾಕ್ಟರ್ ವಿಶಾಖಾ ಅವರಿಗೆ,

ಇದನ್ನು ನಿಮ್ಮ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು, ನಿಮ್ಮ ತನುಶ್ರೀ ಕೊಟ್ಟ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನೀವು ನಮ್ಮ ಗೌರೀಶನನ್ನು ಹುಡುಕಿಕೊಂಡು ಮಾಮೂಲ್‌ಪೇಟೆಗೆ ಹೋಗಿದ್ದೀರಂತೆ. ಹಬ್ಬದ ದಿನ ಅಂಗಡಿ ಮುಚ್ಚಿದೆ, ಸುಮ್ಮನೆ ಅಲೆದಿರಿ. ನೀವು ಬಂದ ಮೇಲೆ ಬಾಯಲ್ಲಿ ಹೇಳಬಹುದಿತ್ತು. ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ.

ನಿಮ್ಮ ಪತ್ರ ನಿನ್ನೆ ಸಂಜೆ ಸಿಕ್ಕಿತು. ಇವತ್ತು ಬೆಳಿಗ್ಗೆ ಕಳಶಕ್ಕೆ ನೀರು ತುಂಬಿಟ್ಟು, ಪೂಜೆಗೆ ಕೂರುವ ಮುಂಚೆ ಬಾಣಂತಿ ಕೋಣೆಯ ಬಾಗಿಲು ತೆಗೆದೆ. ಕಿಟಕಿಗೆ ಕಟ್ಟಿದ್ದ ಸೀರೆಯನ್ನೂ ಬಿಚ್ಚಿದೆ. ತೇಜಶ್ರೀ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡಳು.

“ಏನತ್ತೆ, ಇವತ್ತು ಬಾಗ್ಲು ತೆಗ್ದಿದೀರ?”

“ಹಬ್ಬ ಅಲ್ವೇನೆ. ಇಲ್ಲಿ ಕೇಳು, ಹತ್ತು ಪ್ರಶ್ನೆ ಇದೆ. ನಿಜ ಹೇಳ್ಬೇಕು.”

ಒಂದೊಂದಾಗಿ ಓದಿದೆ. ನಿದ್ದೆ? “ಇಲ್ಲ ಅತ್ತೆ. ಮಗು ಮಲಗಿದ್ರೂ ಬರಲ್ಲ.” ಹೆದರಿಕೆ? “ಹೂಂ.” ಯಾವಾಗ? “ಯಾವಾಗ್ಲೂ.” ಅವಳು ಹೇಳುತ್ತ ಹೋದಂತೆ ನಾನು ಬೆರಳು ಮಡಚಿ ಎಣಿಸಿದೆ. ಏಳು ಪ್ರಶ್ನೆಗೆ ‘ಯಾವಾಗಲೂ’. ನೀವು ಕಳಿಸಿದ ಜೆರಾಕ್ಸಿನಲ್ಲಿದ್ದ ಅವೇ ಏಳು. ಆ ಹಾಳೆಗಳನ್ನು ಅವಳು ಒಮ್ಮೆಯೂ ಕೈಗೆ ತೆಗೆದುಕೊಂಡು ಓದಿರಲಿಲ್ಲ.

ಹತ್ತನೆಯದನ್ನು ನಾನು ಓದಲಿಲ್ಲ. ಹಾಳೆಯನ್ನು ಅವಳ ಮುಂದೆ ಹಿಡಿದೆ. ಬಾಣಂತಿ ಓದಬಾರದು ಎಂದ ನಾನೇ ಹಿಡಿದೆ. ಅವಳು ಓದಿ ಮಗುವಿನ ಟೋಪಿ ಸರಿಮಾಡಿದಳು.

“ಮಗೂನ ಇಲ್ಲೇ ಮಲಗ್ಸಿ ಮಹಡಿಗೆ ಹೋಗೋಣ ಅನ್ಸುತ್ತೆ ಅತ್ತೆ. ಹೋದ್ರೆ ಮೆಟ್ಲಿಳ್ದು ವಾಪಸ್ ಬರೋದು ಬೇಡ ಅನ್ಸುತ್ತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೆದ್ರಿಕೆ ಆಗ್ತಿರೋದೇ ನಿಮ್ಮನ್ನ ನೋಡಿ. ನಿಮ್ಗೆ ಹೆಂಗೆ ಹೇಳ್ಲಿ?”

ಅರವತ್ತಾರು ವರ್ಷದಲ್ಲಿ ನನ್ನ ಮುಖಕ್ಕೆ ಯಾರೂ ಹೀಗೆ ಹೇಳಿಲ್ಲ. ಎದ್ದುಹೋಗೋಣ ಅನ್ನಿಸಿತು. ಬಾಗಿಲು ತೆರೆದೇ ಇತ್ತು. ಆದರೂ ಕೂತೆ. ಕೂತು ಕೇಳಿದೆ.

“ದಿನಾ ಮೂರ್ ಗಂಟೆಗೆ ಬರ್ತೀರ. ಮಗು ನನ್ನ ಮಡಿಲಲ್ಲಿರುತ್ತೆ. ನೀವು ಖಾಲಿ ತೊಟ್ಲು ತೂಗ್ತೀರ. ಜೋಗುಳ ಹೇಳ್ತೀರ. ನಾನು ಅಲ್ಲಾಡಿದ್ರೆ ‘ಶ್ಶ್, ಈಗ ಮಲ್ಗಿದೆ’ ಅಂತೀರ. ಸೋಮವಾರ ಆದ್ರೆ ಒಂದು ಕೈಯಲ್ಲಿ ತೂಗ್ತಾ, ಇನ್ನೊಂದ್ರಲ್ಲಿ ಹಾಳೆ ನೋಡ್ದೇನೇ ಗೀಟು ಎಳೀತೀರ.”

“ಹೋದ್ವಾರ ಗುರುವಾರ ನಾನು ಅಡುಗೆಮನೇಲಿದ್ದೆ ಕಣೆ. ಸೊಪ್ಪು ಬಿಡಿಸ್ತಿದ್ದೆ.”

“ಇಲ್ಲ ಅತ್ತೆ. ಇಲ್ಲೇ ಇದ್ರಿ. ಆವತ್ತು ಮಗು ಅತ್ತಾಗ ತಿರುಗಿ ನೋಡಿ, ‘ಈ ಕೂಸು ಯಾರ್ದು? ನಮ್ದು ತೊಟ್ಲಲ್ಲಿದೆಯಲ್ಲ’ ಅಂದ್ರಿ.”

ಡಾಕ್ಟರೇ, ಜೆರಾಕ್ಸಿನಲ್ಲಿದ್ದ ಕೈಬರಹ ನನ್ನದು. ನೋಡಿದ ಕ್ಷಣವೇ ತಿಳಿಯಿತು. ಆ ಎರಡು ಸಾಲು ಬರೆದದ್ದು ನನಗೆ ನೆನಪಿಲ್ಲ. ಗೀಟು ‘ಇಲ್ಲ’ದ ಸಾಲಿನಲ್ಲಿ ಎಳೆದದ್ದೇ ನೆನಪಿರುವುದು. ಈಗಲೂ ಪ್ರಮಾಣ ಮಾಡಬಲ್ಲೆ.

ನಿಮಗೂ ನಾನು ಪೂರ್ತಿ ಹೇಳಲಿಲ್ಲ. ಇಪ್ಪತ್ತೊಂದು ಬಾಣಂತನ ಮಾಡಿದೆ ಎಂದೆ, ನನ್ನ ಬಾಣಂತನದ ಮಾತು ಎತ್ತಲಿಲ್ಲ. 1978ರಲ್ಲಿ ನನಗೆ ಇಪ್ಪತ್ತು ವರ್ಷ. ನಮ್ಮಮ್ಮನಿಗೂ ಅದೇ ತಿಂಗಳು ಹೆರಿಗೆಯಾಗಿತ್ತು, ಹಾಗಾಗಿ ನನ್ನನ್ನು ತವರಿಗೆ ಕಳಿಸಲಿಲ್ಲ. ಇದೇ ಕೋಣೆಯಲ್ಲಿ ಇಟ್ಟರು. ಹೆಣ್ಣುಮಗು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಎತ್ತಿಕೊಂಡರೆ ತಣ್ಣಗಿತ್ತು. ನಮ್ಮತ್ತೆ ಹಸಿ ಮೈಯವಳು ಅಳಬಾರದು ಎಂದರು, ಯಾರಿಗೂ ಹೇಳಬಾರದು ಎಂದರು. ಕೂಸನ್ನು ಊರಿಗೆ ಕಳಿಸಿದ್ದೇವೆ ಎಂದು ಬೀದಿಯವರಿಗೆ ಹೇಳಿದರು. ನಾನು ತೊಟ್ಟಿಲು ತೂಗುತ್ತಿದ್ದೆನಂತೆ. ಸನ್ನಿ ಎಂದು ಹೊರಗಿನಿಂದ ಅಗುಳಿ ಹಾಕಿದರು. ಎಷ್ಟು ದಿನ ಎಂದು ಗೊತ್ತಿಲ್ಲ. ಬಾಗಿಲು ತೆಗೆದಾಗ ಬೇಸಿಗೆ ಬಂದಿತ್ತು. ಆಮೇಲೆ ಆ ಕೋಣೆಯಲ್ಲಿ ಹಳೇ ಪಾತ್ರೆ ತುಂಬಿಟ್ಟೆವು. ಒಂಬತ್ತು ವರ್ಷದ ಮೇಲೆ ಗೌರೀಶ ಹುಟ್ಟಿದ್ದು ತವರಿನಲ್ಲಿ.

ತೇಜಶ್ರೀಯ ಬಾಣಂತನಕ್ಕೆಂದು ಆ ಕೋಣೆಗೆ ಸುಣ್ಣ ಬಳಿಸಿ, ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆಸಿದವಳು ನಾನೇ. ಇಪ್ಪತ್ತೊಂದು ಬಾಣಂತಿಯರನ್ನು ಬೇರೆ ಬೇರೆ ಮನೆಗಳಲ್ಲಿ ಉಳಿಸಿಕೊಟ್ಟವಳಿಗೆ ಒಂದು ಕೋಣೆಯ ಭಯವೇನು ಅಂದುಕೊಂಡೆ. ಸೋಮವಾರ, ಆಗಸ್ಟ್ 12ಕ್ಕೆ, ತೇಜಶ್ರೀಯ ಮಗುವಿಗೂ ಇಪ್ಪತ್ತೊಂದು ದಿನ ತುಂಬಿತ್ತು. ಮೂರನೆಯ ಹಾಳೆ ಅವತ್ತಿನದು.

ಹಾಳೆಯಲ್ಲಿದ್ದದ್ದು ನನ್ನ ಉತ್ತರವೋ, ಅವಳದೋ? ಅವಳ ಮನಸ್ಸಿನಲ್ಲಿದ್ದದ್ದು ನನ್ನ ಕೈಗೆ ಹೇಗೆ ತಿಳಿಯಿತು? ನಿಮ್ಮ ಹತ್ತೊಂಬತ್ತು ವರ್ಷದ ಓದಿನಲ್ಲಿ ಇದಕ್ಕೆ ಉತ್ತರವಿದ್ದರೆ ನಿಧಾನವಾಗಿ ಹೇಳಿ. ಇಲ್ಲದಿದ್ದರೆ ಇಲ್ಲ ಎನ್ನಿ.

ಗೌರೀಶನನ್ನು ಕರೆದೆ. ಹೊಸ ಪಂಚೆ ಉಟ್ಟು ಬಾಳೆಕಂದು ಕಟ್ಟುತ್ತಿದ್ದ.

“ಗಾಡಿ ತೆಗಿ. ಆಸ್ಪತ್ರೆಗೆ ಹೋಗ್ಬೇಕು.”

“ಯಾರಿಗೇನಾಯ್ತು? ಪೂಜೆ ಆಗ್ಲಿ ತಡಿಯಮ್ಮ. ಮೂರು ತಿಂಗ್ಳು ಬಾಣಂತಿ ಹೊಸಿಲು ದಾಟ್ಬಾರ್ದು ಅಂದೋಳು ನೀನೇ.”

“ನಾನೇ ಅಂದಿದ್ದು. ಈಗ ನಾನೇ ದಾಟಿಸ್ತಿದೀನಿ. ತೆಗಿ.”

ದಾರಿಯಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ, ಅವನಿಗೊಬ್ಬಳು ಅಕ್ಕ ಇದ್ದಳೆಂಬುದನ್ನೂ. ಸಿಗ್ನಲ್ ಬಿಟ್ಟರೂ ಅವನು ಗಾಡಿ ಎತ್ತಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

ಇಲ್ಲಿ ಬಾಣಂತಿಯ ಜೊತೆ ಒಳಗೆ ಒಬ್ಬರು ಇರಬೇಕು, ಮನೆಯ ಹಿರಿಯರು ಇರುವುದು ವಾಡಿಕೆ ಎಂದಳು ಕೌಂಟರಿನ ಹುಡುಗಿ. ಎಲ್ಲರೂ ನನ್ನ ಕಡೆ ನೋಡಿದರು. ತೇಜಶ್ರೀಯೂ ನೋಡಿದಳು. ಆ ನೋಟ ಯಾವುದೆಂದು ಈಗ ನನಗೆ ಗೊತ್ತು.

“ನಿಂಗೆ ಯಾರಿರ್ಬೇಕು, ನೀನೇ ಹೇಳು,” ಎಂದೆ.

“ಗಗನಕ್ಕ” ಎಂದಳು. ಅವಳ ಅಕ್ಕ ಗಗನಾ, ಮಲ್ಲೇಶ್ವರದಲ್ಲಿದ್ದಾಳೆ. ಮಗು ನೋಡಲು ಎರಡು ಸಲ ಬಂದವಳನ್ನು ಗೇಟಿನಿಂದಲೇ ಕಳಿಸಿದ್ದೆ. ಈಗ ನಾನೇ ಫೋನ್ ಮಾಡಿ ಬಾರಮ್ಮ ಎಂದು ಕರೆದೆ. ಪೂಜೆಯ ಸೀರೆಯಲ್ಲೇ ಮೆಟ್ರೋ ಹತ್ತಿ ಬಂದಳು. ನನ್ನನ್ನು ದಾಟಿಕೊಂಡು ತಂಗಿಯ ಹತ್ತಿರ ಹೋದಳು. ಮಗುವನ್ನು ಎತ್ತಿಕೊಂಡು, ತಂಗಿಯ ಹೆಗಲ ಮೇಲೆ ಕೈಹಾಕಿ ಒಳಗೆ ಹೋದಳು. ತೇಜಶ್ರೀ ಅಲ್ಲಿ ಜೋರಾಗಿ ಅಳುವುದು ಇಲ್ಲಿಗೆ ಕೇಳಿಸಿತು. ಹಸಿ ಮೈಯವಳು ಅಳಬಾರದು ಎನ್ನುವ ಮಾತು ಬಾಯಿಗೆ ಬಂತು. ನುಂಗಿಕೊಂಡೆ.

ಅವಳಾಗಿ ಕರೆಯುವವರೆಗೆ ವಾರ್ಡಿನ ಬಾಗಿಲು ದಾಟುವುದಿಲ್ಲ ಎಂದು ಬರೆದು, ಸಹಿ ಹಾಕಿ, ನರ್ಸಮ್ಮನ ಕೈಗೆ ಕೊಟ್ಟಿದ್ದೇನೆ. ಕೌಂಟರಿನಲ್ಲಿ ಎರಡು ಚೀಟಿ ಮಾಡಿಸಿದೆ, ಒಂದು ತೇಜಶ್ರೀಯ ಹೆಸರಿಗೆ, ಒಂದು ನನ್ನ ಹೆಸರಿಗೆ. ಮಕ್ಕಳೆಷ್ಟು ಎಂದು ಕೇಳಿದರು. ಇಬ್ಬರು ಎಂದು ಬರೆಸಿದೆ. ನನ್ನ ಸರದಿ ಹನ್ನೊಂದನೆಯದಂತೆ. ಕಾಯುತ್ತೇನೆ.

ಮುನಿಯಕ್ಕ